ಎರಡನೇ ದೋಣಿಯ ಮುಹೂರ್ತ

ಪಕ್ಕದ ಮನೆಯವರು ಎರಡನೇ ದೋಣಿ ತಂದ ಸುದ್ದಿ ಕೇಳಿದಾಗಿನಿಂದ ಹೆರಿಯಣ್ಣ ಧಣಿಗೆ ಊಟ ರುಚಿಸಲಿಲ್ಲ. ಮರುದಿನ ಬೆಳಿಗ್ಗೆಯೇ ದಡಕ್ಕೆ ಬಂದು, ತಮ್ಮ ದೋಣಿಗೆ ಹುಟ್ಟು ಹಾಕುವ ನಾಲ್ವರನ್ನೂ ಎದುರಿಗೆ ನಿಲ್ಲಿಸಿದರು.

"ನಾವೂ ಇನ್ನೊಂದು ಸಣ್ಣ ದೋಣಿ ಕೊಳ್ಳುವುದೇ ಸೈ. ಅದರಲ್ಲಿ ಇಬ್ಬರು, ಇದರಲ್ಲಿ ಇಬ್ಬರು. ಯಾವಾಗ ಕೊಳ್ಳೋಣ, ಹೇಳಿ. ಬೇಡ ಎನ್ನುವವನಿಗೆ ನಾಳೆಯಿಂದ ಕೆಲಸವಿಲ್ಲ!"

ನಾಲ್ವರಲ್ಲೊಬ್ಬನಾದ ಸೂರ ಕಡಲಿನತ್ತ ನೋಡಿದ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ನಾಲ್ವರು ಹುಟ್ಟು ಹಾಕಿದರೂ ದೋಣಿ ಮಾತು ಕೇಳುತ್ತಿರಲಿಲ್ಲ. ಇಬ್ಬರೇ ಹೋದರೆ ಹೆಂಡತಿ ಮಕ್ಕಳ ಮುಖ ಮತ್ತೆ ಕಾಣುವುದು ಅನುಮಾನ.

"ಇವತ್ತೇ ಕೊಳ್ಳಿ ಧಣಿ," ಎಂದ. ಉಳಿದ ಮೂವರು ಬೆಚ್ಚಿದರು. "ಆದರೆ ಹೊಸ ದೋಣಿ ಮೊದಲು ಅಳಿವೆ ದಾಟುವಾಗ ಒಡೆಯರೇ ಮುಂದೆ ಕೂತು ಕಡಲಿಗೆ ಕಾಯಿ ಬಿಡಬೇಕಲ್ಲ? ನೀವು ದೋಣಿ ಹತ್ತಿ ಎಷ್ಟೋ ವರ್ಷವಾಯಿತು. ಹಳೆಯದರಲ್ಲೇ ಒಮ್ಮೆ ರೂಢಿ ಮಾಡಿಕೊಳ್ಳಿ. ನಮ್ಮಲ್ಲಿ ಇಬ್ಬರೇ ಹುಟ್ಟು ಹಾಕುತ್ತೇವೆ."

"ನನಗೇ ಕಲಿಸ್ತೀಯೇನೋ?" ಎನ್ನುತ್ತಾ ಧಣಿ ಜರಿಶಾಲು ಹೊದ್ದೇ ಹತ್ತಿದರು.

ಅಳಿವೆಯ ಬಾಯಿಗೆ ಬರುವ ಮೊದಲೇ ಒಂದು ತೆರೆ ದೋಣಿಯನ್ನು ಅಡ್ಡ ತಿರುಗಿಸಿತು. ಇನ್ನೊಂದು ತೆರೆ ಧಣಿಯ ಶಾಲು ಕೊಂಡೊಯ್ದಿತು.

"ತಿರುಗಿಸೋ ಮಾರಾಯ! ಇನ್ನಿಬ್ಬರು ಎಲ್ಲಿ ಸತ್ತರು?"

"ಅವರು ಎರಡನೇ ದೋಣಿಯವರು, ಧಣಿ."

ದಡ ಮುಟ್ಟಿದ ಮೇಲೆ ಧಣಿ ಪಂಚೆ ಹಿಂಡುತ್ತಾ ಗುಡುಗಿದರು. "ಮೊದಲು ಇನ್ನೂ ನಾಲ್ಕು ಆಳು ಸಿಗಲಿ, ಆಮೇಲೆ ದೋಣಿ! ಇಬ್ಬರನ್ನೇ ಕಡಲಿಗೆ ಕಳಿಸುವ ಬುದ್ಧಿ ಯಾರದೋ?"

"ನನ್ನದೇ ಧಣಿ, ತಪ್ಪಾಯ್ತು," ಎಂದ ಸೂರ. ಇಷ್ಟು ಸಂತೋಷದಿಂದ ಅವನು ಯಾವತ್ತೂ ತಪ್ಪೊಪ್ಪಿಕೊಂಡಿರಲಿಲ್ಲ.