ವಿಮಾನದ ದಾವಲ ಮಾಸ್ತರ

ಭಾಳ ಹಿಂದ, ಯಾವ ಕಾಲ ಅಂತ ನನ್ನ ಕೇಳಬ್ಯಾಡ್ರಿ, ನಮ್ಮಜ್ಜಿಗೂ ಗೊತ್ತಿರಲಿಲ್ಲ, ಕರಿಮಟ್ಟಿ ಅನ್ನೋ ಒಂದೂರಾಗ ದಾವಲಸಾಬ ಅಂತ ಒಬ್ಬಾವ ಇದ್ದ. ವಿಮಾನ ಹಾರಸೂದು ಕಲಸತಿದ್ದ. ಊರ ಮುಂದಿನ ಬಯಲೇ ಅವನ ಸಾಲಿ. ಮಂದಿ ಅವಗ ದಾವಲ ಮಾಸ್ತರ ಅಂತಿದ್ರು.

ಹಾರಸೂದು ಯಾರಿಗಾದ್ರೂ ಬರತೈತಿ, ಇಳಸೂದರಾಗ ಐತಿ ಜೀವ, ಅಂತಿದ್ನಂತ ಮಾಸ್ತರ. ಬಯಲಿನ ತುದಿಗೆ ಒಂದು ಬನ್ನಿಗಿಡ ಇತ್ತು. ಇಳಿಯೋ ವಿಮಾನ ಆ ಗಿಡ ದಾಟೋದ್ರಾಗ ನೆಟ್ಟಗ ಇರಬೇಕು. ಒಂದೀಟು ವಾಲಿದ್ರೂ, ಮನಸು ಅಳುಕಿದ್ರೂ, ಎಡಗೈಯಾಗಿನ ಹಿಡಿಕಿ ಮುಂದ ನೂಕಿ, ಎಂಜಿನ್ ಜೋರು ಮಾಡಿ ಮ್ಯಾಲೇಳಬೇಕು, ಒಂದು ಸುತ್ತು ಹೊಡೆದು ಮತ್ತ ಬರಬೇಕು. ನಾಚಬಾರದು. ಶಿಷ್ಯರು ರೊಟ್ಟಿ ತಿನ್ನೂವಾಗ ಹಿಂದಿಂದ ಬಂದು "ಮ್ಯಾಲೇಳು" ಅಂತಿದ್ನಂತ. ಎಡಗೈ ತಾನ ಮುಂದ ಹೋಗಬೇಕು. ಹೋಗಲಿಲ್ಲಂದ್ರ ಅವತ್ತು ವಿಮಾನ ಹತ್ತಂಗಿಲ್ಲ. ಆ ಬಯಲಿನ ಕಾಗಿ ಸೈತ, ಟೊಂಗಿ ತಪ್ಪಿದ್ರ ಒಂದು ಸುತ್ತು ಹಾಕಿ ಬಂದು ಕೂಡತಿತ್ತಂತ. ನಗಬ್ಯಾಡ್ರಿ, ಹಂಗ ಹೇಳತಾರ, ನಾನೇನು ಮಾಡ್ಲಿ.

ಅವನ ಶಿಷ್ಯರಾಗ ಕುಂಬಾರ ಸಾಂತವ್ವನ ಮಗಳು ನಿಂಬೆವ್ವ ಒಬ್ಬಾಕಿ. ಆಕಿ ಮೊದಲ ಸಲ ಒಬ್ಬಾಕಿನ ಹಾರೋ ದಿನ ಊರಿಗೂರ ಬಯಲಿಗೆ ಬಂತು. ಹಲಗಿ ಬಾರಿಸೋರು ಬಂದ್ರು. ಸಾಂತವ್ವ ಆರತಿ ತಾಟು ಹಿಡಕೊಂಡು ನಿಂತಳು. ನಿಂಬೆವ್ವ ಚಂದಂಗ ಹಾರಿದಳು. ಇಳಿಯೋ ಹೊತ್ತಿಗೆ ಅಡ್ಡಗಾಳಿ ಎದ್ದಿತು. ಬನ್ನಿಗಿಡದ ಮ್ಯಾಲೆ ರೆಕ್ಕಿ ವಾಲಿತು. ಆಕಿ ಇಳಿಯದನ ಮ್ಯಾಲೆದ್ದಳು.

ಮಂದಿ ಮಾರಿ ಸಣ್ಣದಾತು. ಹೊಸ್ತಿಲತನಕ ಬಂದಾಕಿ ತಿರುಗಿ ಹ್ವಾದ್ರ ಅಪಶಕುನ, ಅಂದ್ರು ಹಿರಿಯರು. ಮಾಸ್ತರಗ ಕಲಸಾಕ ಬರಂಗಿಲ್ಲ, ಅಂದ್ರು ಕೆಲವರು. ನಮ್ಮ ಮಂದಿ ಬಾಯಿಗೆ ಬೀಗ ಎಲ್ಲೈತಿ?

ಎರಡನೇ ಸಲ ಬಂದಳು. ಗಿಡ ನೆಟ್ಟಗ ದಾಟಿದಳು, ಗಾಲಿ ಇನ್ನೇನು ಮಣ್ಣಿಗೆ ಹತ್ತಬೇಕು. ಆಗ ಊರು ತಪ್ಪು ಮಾಡಿತು ನೋಡ್ರಿ. ನಮ್ಮಲ್ಲಿ ಬೇಕಾದವರು ಬಂದ್ರ ಬಂಡಿ ನಿಲ್ಲೂದ್ರಾಗ ಎದುರು ಓಡಿ ಆರತಿ ಮಾಡೂದು ರೂಢಿ. ಬಂದಳು ಬಂದಳು ಅಂತ ಹಲಗಿ ಬಡಕೋತ ಎಲ್ಲಾರೂ ಬಯಲ ನಡುವ ಓಡಿದ್ರು. ಎಲ್ಲಾರಕಿಂತ ಮುಂದ ತಾಟು ಹಿಡಿದ ಸಾಂತವ್ವ.

ನಿಂಬೆವ್ವ ವಿಚಾರ ಮಾಡಲಿಲ್ಲಂತ. ಕೈ ತಾನ ಮುಂದ ಹೋತು. ವಿಮಾನ ಮಂದಿ ತಲಿ ಮ್ಯಾಲಿಂದ ಹಾದು ಎದ್ದಿತು, ರುಮಾಲು ಹಾರಿದವು, ಆರತಿ ಆರಿತು. ಅವ್ವನ ಒಂದು ಕೂದಲಿಗೂ ಏನೂ ಆಗಲಿಲ್ಲ. ಜನ ಏನಂದಾರು ಅಂತ ನಾಚಿ ಇಳಿದಿದ್ರ? ವಿಮಾನ ಹೆತ್ತವ್ವನ ಮ್ಯಾಲೇ ಹೋಗತಿತ್ತು.

ಮಾಸ್ತರ ಎಲ್ಲಾರನ್ನೂ ಬಯಲ ಅಂಚಿಗೆ ಕೂಡಿಸಿದ. ಸಾಂತವ್ವ, "ಯಣ್ಣಾ, ನನ್ನ ಮಗಳು ಇನ್ನ ಇಳಿತಾಳೋ ಇಲ್ಲೋ?" ಅಂದಳು.

"ವಿಮಾನದಾಗ ಎಣ್ಣಿ ಐತಿ, ಆಕಿಗೆ ತಲಿ ಐತಿ. ಅವಸರ ಏನೈತಿ, ತಂಗೀ?" ಅಂದ ಮಾಸ್ತರ.

ಮೂರನೇ ಸಲ ನಿಂಬೆವ್ವ ಬೆಣ್ಣಿ ಮ್ಯಾಲೆ ಬೆರಳಿಟ್ಟಂಗ ಇಳಿದಳು. ವಿಮಾನ ಪೂರಾ ನಿಂತಮ್ಯಾಲ ಎದ್ದವು ನೋಡ್ರಿ ಹಲಗಿ, ಸುತ್ತಲಿನ ಹಳ್ಳಿಗೆಲ್ಲಾ ಕೇಳಿತಂತ. ಆಡಿಕೊಂಡ ಹಿರಿಯರೇ ಮಾಸ್ತರನ್ನ ಹೆಗಲ ಮ್ಯಾಲೆ ಹೊತ್ತು ಕುಣಿದ್ರಂತ.

ಮಾಸ್ತರ ಹೋಗಿ ಎಷ್ಟು ಕಾಲ ಆತೋ. ಕರಿಮಟ್ಟಿಯೊಳಗ ಈಗೂ, ಹಳ್ಳ ತುಂಬೈತಂತ ಬಂಡಿ ತಿರುಗಿಸಿಕೊಂಡು ಬಂದಾವಗ, ಬಾಳುವೆ ಸರಿಹೋಗಲಿಲ್ಲಂತ ತವರಿಗೆ ಬಂದ ಮಗಳಿಗೆ, ಮೊದಲು ಬೆಲ್ಲ-ನೀರು ಕೊಟ್ಟು, ದಾವಲ ಮಾಸ್ತರನ ಹೆಸರಲೆ ಆರತಿ ಬೆಳಗತಾರ. ಯಾಕ ತಿರುಗಿ ಬಂದಿ ಅಂತ ಆಮ್ಯಾಲ ಕೇಳತಾರ. ಭಾಳಮಂದಿ ಕೇಳೂದೂ ಇಲ್ಲ.