ನೆಲ ನೋಡಿದ ವಾಕ್ಯ

ಮಾಘ ಮಾಸದ ಎರಡನೆಯ ಗುರುವಾರ, ಸಂಜೆಯ ತರಗತಿ ಮುಗಿದ ಮೇಲೆ ಇದು ನಡೆಯಿತು.

ತಿಪ್ಪೇಶ ಮೇಷ್ಟ್ರು ಬೋರ್ಡು ಒರೆಸುತ್ತಿದ್ದರು. ವ್ಯಾಪಾರದ ಮಾತನ್ನು ಇಂಗ್ಲಿಷಿನಲ್ಲಿ ಸಭೆಯ ಮುಂದಿಡುವುದು ಹೇಗೆಂದು ಅವರು ಕಲಿಸುತ್ತಿದ್ದರು. ಎಲ್ಲರೂ ಹೋಗಿದ್ದರು. ಸುಗುಣ ಒಬ್ಬಳು ಉಳಿದಿದ್ದಳು. ಅವಳೂ ಅವಳ ಇಬ್ಬರು ಗೆಳತಿಯರೂ ಸೇರಿ ಬಿಸಿಲಿನ ಶಾಖದಿಂದ ಕಾಳು ಒಣಗಿಸುವ ಪೆಟ್ಟಿಗೆಯೊಂದನ್ನು ಮಾಡಿದ್ದರು. ಮರುದಿನ ಬೆಳಿಗ್ಗೆ ಒಂದು ದೊಡ್ಡ ಕಂಪನಿಯವರ ಮುಂದೆ ಅದರ ಬಗ್ಗೆ ಅವಳು ಇಂಗ್ಲಿಷಿನಲ್ಲಿ ಮಾತನಾಡಬೇಕಿತ್ತು. ಅವರು ಒಪ್ಪದಿದ್ದರೆ ಪೆಟ್ಟಿಗೆ ಮಾಡುತ್ತಿದ್ದ ಶೆಡ್ಡಿಗೆ ಬೀಗ ಹಾಕುವುದೆಂದು ಮೂವರೂ ತೀರ್ಮಾನಿಸಿದ್ದರು.

"ಮೇಷ್ಟ್ರೇ, ಹದಿನೈದು ದಿನದಿಂದ ಕನ್ನಡಿ ಮುಂದೆ ನಿಂತು ಹೇಳಿಕೊಳ್ಳುತ್ತಿದ್ದೇನೆ. ಆದರೂ ನಡುನಡುವೆ ಎಡವುತ್ತೇನೆ. ಎಡವದೆ ಮಾತನಾಡುವುದು ಹೇಗೆ?" ಎಂದು ಕೇಳಿದಳು.

ಮೇಷ್ಟ್ರು ಡಸ್ಟರ್ ಕೆಳಗಿಟ್ಟು ಎದುರು ಕೂತರು. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಂಬಳಿ ನೇಕಾರನಿದ್ದ. ಆ ಊರಿನಲ್ಲಿ ಹಿಂದೆ ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ನಲವತ್ತು ಗುಂಡಿಮಗ್ಗಗಳಿದ್ದವು. ಕೊಳ್ಳುವವರು ಕಡಿಮೆಯಾದಂತೆ ಜನ ಮಗ್ಗ ಕಿತ್ತು ಗುಂಡಿಗೆ ಮಣ್ಣು ತುಂಬತೊಡಗಿದರು. ಹನ್ನೊಂದು ಗುಂಡಿಗಳು ಮುಚ್ಚಿದ್ದವು. ಆಗ ಹೊರದೇಶದ ಎಂಟು ಮಂದಿ ವರ್ತಕರು ನಗರಕ್ಕೆ ಬರುತ್ತಾರೆಂದು ತಿಳಿಯಿತು. ಅವರ ಮುಂದೆ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತನಾಡಲು ಅವಕಾಶವಿತ್ತು. ನೇಕಾರ ಏಳನೆಯ ತರಗತಿ ಓದಿದ್ದ. ಉಳಿದವರು ಅಷ್ಟೂ ಓದಿರಲಿಲ್ಲ. ಆದ್ದರಿಂದ ಊರವರು ಅವನನ್ನೇ ಆರಿಸಿದರು.

ಪಟ್ಟಣದ ಒಬ್ಬ ಗುಮಾಸ್ತ ಮಾತು ಬರೆದುಕೊಟ್ಟ. ನೇಕಾರ ಅದನ್ನು ಕನ್ನಡ ಅಕ್ಷರಗಳಲ್ಲಿ ಇಳಿಸಿಕೊಂಡ. ಒಂದೊಂದು ವಾಕ್ಯದ ಅರ್ಥವನ್ನೂ ಕೇಳಿ ಪಕ್ಕದಲ್ಲಿ ಬರೆದುಕೊಂಡ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಉರು ಹೊಡೆಯಲು ಕೂತ.

ಮೂರನೆಯ ಸಂಜೆ, ಉಣ್ಣೆ ನೂಲುತ್ತಿದ್ದ ಹೆಂಡತಿ ಕೇಳಿದಳು. "ಗೋಡೆಗೆ ಯಾಕೆ ಹೇಳ್ತೀರಿ? ಗೋಡೆ ಕಂಬಳಿ ಹೊದ್ದುಕೊಳ್ಳುತ್ತಾ?"

"ನಿನಗೆ ಇಂಗ್ಲಿಷ್ ಬರುತ್ತಾ?"

"ಗೋಡೆಗೆ ಬರುತ್ತಾ?"

ನೇಕಾರ ನಕ್ಕ. ಅವಳ ಕಡೆ ತಿರುಗಿ ಕೂತು ಮೊದಲಿನಿಂದ ಹೇಳಿದ.

ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಸವರುತ್ತಾರೆ. ಬೀಜ ಆ ಮನೆಯಲ್ಲಿ ಯಾವಾಗಲೂ ಇರುತ್ತಿತ್ತು. ಹೆಂಡತಿ ಎರಡು ತಟ್ಟೆ ಇಟ್ಟುಕೊಂಡಳು. ಹೇಳುತ್ತ ಹೇಳುತ್ತ ಗಂಡನ ಕಣ್ಣು ಅವಳನ್ನು ಬಿಟ್ಟು ಮೇಲಿನ ತೊಲೆಗೆ ಹೋದರೆ ಎಡತಟ್ಟೆಗೆ ಒಂದು ಬೀಜ. ನೆಲಕ್ಕೆ ಹೋದರೆ ಬಲತಟ್ಟೆಗೆ ಒಂದು. ಆ ಸಂಜೆ ಎಡಕ್ಕೆ ಮೂವತ್ತೊಂದು ಬೀಜ ಬಿದ್ದವು. ಬಲಕ್ಕೆ ಮೂರು.

"ಏನಿದು ಲೆಕ್ಕ?" ಎಂದು ನೇಕಾರ ಕೇಳಿದ.

"ತೊಲೆ ನೋಡಿದಾಗ ಮಾತು ಹುಡುಕ್ತಿರ್ತೀರಿ. ಅದು ಸಿಗುತ್ತೆ ಬಿಡಿ. ನೆಲ ನೋಡಿದಾಗ ಏನೋ ಮುಚ್ಚಿಡ್ತಿರ್ತೀರಿ. ಮದುವೆಯಾದಾಗಿನಿಂದ ನೋಡ್ತಿದ್ದೀನಿ."

ಹದಿನೆಂಟು ಸಂಜೆ ಹೀಗೆ ನಡೆಯಿತು. ಎಡತಟ್ಟೆಯ ಬೀಜ ಇಳಿಯುತ್ತ ಬಂದು ಎರಡಕ್ಕೆ ನಿಂತವು. ಬಲತಟ್ಟೆಯ ಮೂರು ಮಾತ್ರ ಮೂರಾಗಿಯೇ ಇದ್ದವು. ನೇಕಾರ ಕಾಗದ ತೆಗೆದು ಆ ಮೂರು ಜಾಗಗಳನ್ನು ಹುಡುಕಿದ. ನಮ್ಮೂರಿನಲ್ಲಿ ನೂರು ಮಗ್ಗಗಳಿವೆ ಎಂದು ಒಂದು ಕಡೆ ಇತ್ತು. ಅದನ್ನು ಇಪ್ಪತ್ತೊಂಬತ್ತು ಎಂದು ತಿದ್ದಿದ. ನಮ್ಮ ಕಪ್ಪು ಬಣ್ಣ ತಲೆಮಾರುಗಳ ಗುಟ್ಟು ಎಂದು ಇನ್ನೊಂದು ಕಡೆ ಇತ್ತು. ಆ ಕಪ್ಪು ಕುರಿಯ ಉಣ್ಣೆಯದೇ, ಹಾಕಿದ ಬಣ್ಣವಲ್ಲ. ಅದನ್ನು ಹೊಡೆದುಹಾಕಿದ. ನಮ್ಮ ಕಂಬಳಿ ಹೂವಿನಷ್ಟು ಮೃದು ಎಂಬುದು ಮೂರನೆಯದು. ಅದನ್ನು ಬಿಡಲು ಅವನಿಗೆ ಧೈರ್ಯ ಬರಲಿಲ್ಲ. "ಚುಚ್ಚುತ್ತದೆ ಅಂದರೆ ಯಾರಯ್ಯ ಕೊಳ್ಳುತ್ತಾರೆ? ಆ ಮಾತು ಬಿಟ್ಟರೆ ನಿನ್ನ ಬಸ್ ಚಾರ್ಜೂ ದಂಡ," ಎಂದು ಗುಮಾಸ್ತ ಎಚ್ಚರಿಸಿದ್ದ. ಇಪ್ಪತ್ತೊಂಬತ್ತು ಮನೆಗಳು ಅವನನ್ನು ನಂಬಿದ್ದವು.

ಹೆಂಡತಿ ವಾದ ಮಾಡಲಿಲ್ಲ. ಆಮೇಲೂ ದಿನವೂ ಆ ಜಾಗ ಬಂದಾಗ ಒಂದು ಬೀಜವನ್ನು ಬಲಕ್ಕೆ ಹಾಕಿದಳು.

ಸಭೆಯ ದಿನ ಬಂತು. ನೇಕಾರ ಎಂಟು ಮಂದಿಯ ಮುಂದೆ ನಿಂತು ಮಾತು ಶುರುಮಾಡಿದ. ಎರಡು ಕಡೆ ಎಡವಿದ. ಮೇಲೆ ನೋಡಿದ, ಮಾತು ಸಿಕ್ಕಿತು, ಮುಂದೆ ಹೋದ. ಹೂವಿನ ವಾಕ್ಯ ಬಂತು. ಅದನ್ನೂ ಹೇಳಿದ. ಕಣ್ಣು ನೆಲಕ್ಕೆ ಬಿತ್ತು. ಬಿದ್ದದ್ದು ಅವನಿಗೇ ತಿಳಿಯಿತು.

ಆಮೇಲೆ ತಲೆಯೆತ್ತಿ, ಕಾಗದದಲ್ಲಿ ಇಲ್ಲದ್ದನ್ನು ತನಗೆ ಬಂದ ಹರಕು ಇಂಗ್ಲಿಷಿನಲ್ಲಿ ಹೇಳಿದ. "ಇಲ್ಲ, ಹೂವಿನ ಹಾಗಿಲ್ಲ. ಮೊದಲ ಚಳಿಗಾಲ ಚುಚ್ಚುತ್ತದೆ. ಎರಡನೆಯ ಚಳಿಗಾಲಕ್ಕೆ ಮೈಗೆ ಒಗ್ಗುತ್ತದೆ. ನನ್ನಪ್ಪ ನೇಯ್ದದ್ದನ್ನು ನಾನೂ ನನ್ನ ಹೆಂಡತಿಯೂ ಈಗಲೂ ಹೊದೆಯುತ್ತೇವೆ."

ಕೆಲವರು ನಕ್ಕರು. ಐದು ಮಂದಿ ಎದ್ದು ಹೋದರು. ಉಳಿದ ಮೂವರು ಕಂಬಳಿ ತರಿಸಿ ಕೆನ್ನೆಗೆ ಒತ್ತಿ ನೋಡಿದರು. ಚುಚ್ಚಿತು. ಅವರಲ್ಲಿ ಒಬ್ಬ ಮುದುಕಿ ಕಂಬಳಿಯನ್ನು ತೊಡೆಯ ಮೇಲಿನಿಂದ ಇಳಿಸಲೇ ಇಲ್ಲ. "ಈ ಮನುಷ್ಯ ಹೇಳಿದ ಹಾಗೇ ಇದೆ," ಎಂದಳು. ಆ ವರ್ಷ ಊರು ನೇಯ್ದದ್ದನ್ನೆಲ್ಲ ಅವಳೇ ಕೊಂಡಳು. ಹನ್ನೆರಡನೆಯ ಗುಂಡಿ ಮುಚ್ಚಲಿಲ್ಲ.

ನೇಕಾರ ಮನೆಗೆ ಬಂದಾಗ ಹೆಂಡತಿ ಕೈಕಾಲಿಗೆ ನೀರು ಕೊಟ್ಟಳು. ವ್ಯಾಪಾರದ ಸುದ್ದಿ ಕೇಳಲಿಲ್ಲ. "ನೆಲ ನೋಡಿದಿರಾ?" ಎಂದಳು.

"ನೋಡಿದೆ. ನೀನು ಎದುರಿಗೆ ಕೂತಿದ್ದೀಯ ಅಂದುಕೊಂಡು ತಲೆಯೆತ್ತಿದೆ."

ಅವಳು ಬಲತಟ್ಟೆಯ ಬೀಜವನ್ನು ತೆಗೆದು ಗಂಜಿಯ ಮಡಕೆಗೆ ಹಾಕಿದಳು.

ಕತೆ ಅಲ್ಲಿಗೆ ನಿಂತಿತು.

"ಹಾಗಾದರೆ ನಾಳೆ ಎಡವಿದರೂ ಪರವಾಗಿಲ್ಲವೇ, ಮೇಷ್ಟ್ರೇ?" ಎಂದು ಸುಗುಣ ಕೇಳಿದಳು.

"ನಿನ್ನ ಸ್ಲೈಡುಗಳಲ್ಲಿ ನಿಮ್ಮಮ್ಮನ ಮುಖ ನೋಡಿ ಹೇಳಬಹುದಾದವು ಎಷ್ಟಮ್ಮ?" ಎಂದರು ಮೇಷ್ಟ್ರು.

ಸುಗುಣ ಲ್ಯಾಪ್‌ಟಾಪ್ ತೆರೆದು ಒಂದೊಂದನ್ನೇ ನೋಡುತ್ತ, ಹಾಗೆ ಹೇಳಲಾಗದ್ದನ್ನು ಅಳಿಸುತ್ತ ಹೋದಳು. ಒಟ್ಟು ಇಪ್ಪತ್ತಾರು ಇದ್ದವು. ಒಂಬತ್ತು ಉಳಿದವು.