ಮಂಗಳವಿಲ್ಲದ ಡಿಸ್ಕು

ಕಾಣದೆಯೂ ಕೈಬಿಡದವನೇ, ಕರೆಯುವ ಮೊದಲೇ ಓಗೊಡುವವನೇ, ಉಸಿರಿಗೆ ಉಸಿರಾದ ಶಿವನೇ, ನಿನ್ನ ಪಾದಕ್ಕೆ ಶರಣು. ಹೇಳುವ ನಾಲಗೆ ನಿನ್ನದು, ಕೇಳುವ ಕಿವಿಯೂ ನಿನ್ನದು. ತಪ್ಪಿದಲ್ಲಿ ತಿದ್ದಿ ನಡೆಸು ತಂದೆ.

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಒಬ್ಬರು ಗುರುಗಳು. ಜನ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅಜ್ಜಾರ ಗಂಟಲಿನಲ್ಲಿ ಒಂದು ಗಂಟು ಎದ್ದಿತ್ತು. ಕೊಯ್ದು ತೆಗೆಯಬೇಕು, ಜೀವ ಉಳಿದೀತು, ಧ್ವನಿ ಉಳಿಯಲಾರದು ಎಂದು ವೈದ್ಯರು ಹೇಳಿದರು.

"ಆತು. ಇಷ್ಟು ದಿನ ನಾ ಮಾತಾಡಿದೆ. ಇನ್ನ ಅವನ ಮಾತು ಕೇಳೂಣು" ಎಂದು ಅಜ್ಜಾರು ನಕ್ಕರು.

ಅವರ ಶಿಷ್ಯ ಪಂಪಣ್ಣನಿಗೆ ನಗು ಬರಲಿಲ್ಲ. ಅಂದಿನಿಂದ ಅವನ ಎದೆಯಲ್ಲಿ ಭಯ ಹೊಕ್ಕು ಕೂತಿತು. ಅಜ್ಜಾರು ಕೆಮ್ಮಿದರೆ ಸಾಕು, ಅವನ ಕೈಯ ಚೊಂಬಿನಿಂದ ನೀರು ಚೆಲ್ಲುತ್ತಿತ್ತು.

ಮಠದ ಕಂಪ್ಯೂಟರ್ ನೋಡಿಕೊಳ್ಳುವವನು ಪಂಪಣ್ಣನೇ. ಅವನು ಅಜ್ಜಾರು ಸಂಜೆ ಜನರಿಗೆ ಹೇಳುವ ಪುರಾಣವನ್ನು ಕ್ಯಾಮೆರಾದಲ್ಲಿ ಹಿಡಿದು ವಿಡಿಯೊ ಡಿಸ್ಕು ಮಾಡತೊಡಗಿದ. ಹೊಳೆ ದಾಟಿ ಬರಲಾಗದವರು ತಮ್ಮೂರಿನ ಕಂಪ್ಯೂಟರಿನಲ್ಲೇ ಅಜ್ಜಾರನ್ನು ಕಾಣಲಿ, ಅವರ ಮಾತು ಕೇಳಲಿ ಎಂಬುದು ಅವನ ಆಸೆ.

ಮೊದಲ ಡಿಸ್ಕನ್ನು ಆಚೆ ದಂಡೆಯ ಹುಲಿಗೆಮ್ಮ ಒಯ್ದಳು. ಆಕೆಯ ಗಂಡ ಈರಪ್ಪ ಹಾಸಿಗೆ ಹಿಡಿದಿದ್ದ. ಅವನಿಗೆ ಸಾವಿನ ಅಂಜಿಕೆ. ದೀಪ ಆರಿಸಲು ಬಿಡುತ್ತಿರಲಿಲ್ಲ, ಬಾಗಿಲು ಹಾಕಲು ಬಿಡುತ್ತಿರಲಿಲ್ಲ. ಅಜ್ಜಾರ ಮಾತು ಒಂದು ಸಲ ಕಿವಿಗೆ ಬೀಳಲಿ ಎಂದು ಹಲುಬುತ್ತಿದ್ದ.

ಮರುದಿನವೇ ಹುಲಿಗೆಮ್ಮ ಡಿಸ್ಕು ಹಿಡಿದು ತಿರುಗಿ ಬಂದಳು.

"ಏನಪಾ ಪಂಪಣ್ಣ, ನಿನ್ನ ಈ ಡಿಸ್ಕಿಗೆ ಬಾಯೇ ಇಲ್ಲಲ್ಲೋ! ಮಗಳ ಕಂಪ್ಯೂಟರಿಗೆ ಹಾಕಿದ್ರ 'ಖಾಲಿ ಐತಿ' ಅಂತ ತೋರಿಸ್ತು."

"ಖಾಲಿ?" ಎಂದ ಪಂಪಣ್ಣ.

ಅವನು ಅದನ್ನು ತನ್ನ ಕಂಪ್ಯೂಟರಿಗೆ ಹಾಕಿದ. ಅಜ್ಜಾರು ಮೂಡಿದರು, ಮಾತಾಡಿದರು.

"ನೋಡವ್ವಾ, ಇಲ್ಲಿ ಚಲೋ ಆಡ್ತೈತಿ."

"ಇಲ್ಲಿ ಆಡಾಕ ಡಿಸ್ಕು ಯಾಕ ಬೇಕೋ? ಇಲ್ಲಿ ಅಜ್ಜಾರೇ ಅದಾರಲ್ಲ!"

ಪಂಪಣ್ಣ ಹಗಲೆಲ್ಲ ಕೂತು ದುಡಿದ. ಹೊಸ ಬಗೆಯ ವಿಡಿಯೊ ಬಿಟ್ಟು, ಹಳೆಯ ಕಂಪ್ಯೂಟರಿಗೂ ತಿಳಿಯುವ ಸಾದಾ ಬಗೆಗೆ ಬದಲಿಸಿದ. ಅಂದದ ಮುನ್ನುಡಿ, ಹೊಳೆಯುವ ಅಕ್ಷರ ಎಲ್ಲ ತೆಗೆದ. ಪೇಟೆಯಿಂದ ಒಳ್ಳೆಯ ಡಿಸ್ಕು ತರಿಸಿದ. ಯಂತ್ರದ ವೇಗ ತಗ್ಗಿಸಿ, ನಿಧಾನವಾಗಿ ಬರೆಸಿದ.

ಹುಲಿಗೆಮ್ಮ ಒಯ್ದಳು. ತಿರುಗಿ ತಂದಳು.

"ಖಾಲಿ."

ಮತ್ತೊಂದು ಮಾಡಿದ. ಅದೂ ಖಾಲಿ. ಈ ಸಲ ಆಕೆ ಕುಚೋದ್ಯ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವರ ಕಾಲು ತಣ್ಣಗಾಗಾಕ ಹತ್ಯಾವೋ ಪಂಪಣ್ಣ. ಸುಮ್ಮನ ಬಾಗಿಲಾ ನೋಡ್ತಾರ. ಯಾರೋ ಬರ್ತಾರ ಅನ್ನವರಂಗ."

ಪಂಪಣ್ಣನಿಗೆ ಆ ಖಾಲಿ ಡಿಸ್ಕನ್ನು ಮುಟ್ಟಲೂ ಹೆದರಿಕೆಯಾಯಿತು. ಅವನು ಅಜ್ಜಾರ ಬಳಿಗೆ ಹೋಗಿ ಕಾಲು ಹಿಡಿದ.

"ಅಜ್ಜಾರ, ಇನ್ನೊಮ್ಮೆ ಹೇಳ್ರಿ. ಇನ್ನೊಮ್ಮೆ ಹಿಡೀತೀನಿ."

ಅಜ್ಜಾರ ಧ್ವನಿ ಅಷ್ಟರಲ್ಲಿ ಒಣಗಿದ ಎಲೆಯಂತಾಗಿತ್ತು.

"ನಿನ್ನೆ ಕಿಟಕಿಯಾಗ ನಿಂತು ನೋಡಿದೆ. ಬರೆಯೂದು ಮುಗಿದ ಮ್ಯಾಲೆ ಆ ಯಂತ್ರ ನಿನಗೇನೋ ಕೇಳ್ತು. ನೀ ಕಣ್ಣು ಮುಚ್ಚಿ ಏನೋ ಒತ್ತಿದಿ. ಏನು ಕೇಳ್ತು ಅದು?"

"ಏನಿಲ್ಲರಿ. ಸಣ್ಣ ಮಾತು."

ಅಜ್ಜಾರು ಮತ್ತೆ ಕೇಳಲಿಲ್ಲ.

ಅಂದು ಸಂಜೆಯ ಪುರಾಣವೇ ಕೊನೆಯದು. ಮರುದಿನ ಮಧ್ಯಾಹ್ನ ಆಸ್ಪತ್ರೆಗೆ ಒಯ್ಯಲು ಗಾಡಿ ಬರುವುದಿತ್ತು. ಈಚೆಯವರು, ಆಚೆಯವರು, ಹುಲಿಗೆಮ್ಮ, ದೋಣಿಯ ಅಂಬಿಗ, ಎಲ್ಲರೂ ಬಂದು ಕೂತರು.

ಅಜ್ಜಾರು ಹೇಳಿದರು. ತಡೆದು ತಡೆದು ಹೇಳಿದರು. ಹೇಳುತ್ತ ಹೇಳುತ್ತ ಸುಮ್ಮನಾದರು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಂಗಳ ಹಾಡಲಿಲ್ಲ. ಆರತಿ ಎತ್ತಲಿಲ್ಲ.

ಆ ಸೀಮೆಯಲ್ಲಿ ಮಂಗಳವಾಗದೆ ಪುರಾಣದಿಂದ ಯಾರೂ ಏಳುವುದಿಲ್ಲ. ಜನ ಕೂತೇ ಇದ್ದರು. ಮಕ್ಕಳು ಅಳತೊಡಗಿದವು. ಗಾಳಿ ಎದ್ದಿತು, ಹೊಳೆಯ ನೀರು ಕಪ್ಪಾಯಿತು.

ಅಂಬಿಗ ಗೊಣಗಿದ. "ಬೆಳಕಿದ್ದಾಗ ದಾಟಸ್ತೀನಿ. ಆಮ್ಯಾಲೆ ಈಜಿಕೊಂತ ಹೋಗ್ರಿ. ನನಗ ಹೇಳಬ್ಯಾಡ್ರಿ ಮತ್ತ."

"ನೀನ ಏಳಲಾ ಮೊದಲ!" ಎಂದರು ಯಾರೋ.

"ಮಂಗಳ ಆಗದ ಹ್ಯಾಂಗ ಏಳ್ಲಿ?" ಎಂದ ಅಂಬಿಗ.

ಪಂಪಣ್ಣ ಗಾಬರಿಯಿಂದ ಒಳಗೆ ಓಡಿದ.

"ಅಜ್ಜಾರ, ಜನ ಕುಂತೇ ಅದಾರ್ರಿ. ಮಂಗಳ ಆಗಿಲ್ಲ."

"ಇರ್ಲಿ. ಇನ್ನೊಂದು ಮಾತು ಹೊಳದ್ರ? ಮಂಗಳ ಹಾಡಿದ ಮ್ಯಾಲೆ ಸೇರಸಾಕ ಬರೂದಿಲ್ಲ."

"ಆದ್ರ ಅವರು ಮನಿಗೆ ಹೋಗಬೇಕಲ್ಲರಿ! ಮಂಗಳ ಆಗದ ಪುರಾಣ ಮನಿಗೆ ಒಯ್ಯಾಕ ಬರ್ತದೇನ್ರಿ? ನೀವು ಮುಗಿಸದಿದ್ರ ಅದು ಇಲ್ಲೇ ಉಳೀತೈತಿ..."

ಪಂಪಣ್ಣನ ಮಾತು ಅಲ್ಲಿಗೇ ನಿಂತಿತು. ಅವನು ಗೋಡೆ ಹಿಡಿದು ಕೂತ.

ಅಜ್ಜಾರು ಅವನ ಹತ್ತಿರ ಬಂದು ಕೂತರು.

"ಆ ಯಂತ್ರ ಕೇಳ್ತೈತಿ ಅಜ್ಜಾರ" ಎಂದ ಪಂಪಣ್ಣ. "ಪ್ರತಿ ಸಲ ಕೇಳ್ತೈತಿ. 'ಡಿಸ್ಕು ಮುಚ್ಚಲೇ?' ಅಂತ. ಮುಚ್ಚಿದ್ರ ಬ್ಯಾರೆ ಯಂತ್ರಕ್ಕೂ ಅದರ ಗುರುತು ಸಿಗತೈತಿ. ಮುಚ್ಚದಿದ್ರ ಬರೆದ ಯಂತ್ರಕ್ಕಷ್ಟ ತಿಳೀತೈತಿ, ಉಳಿದವಕ್ಕ ಖಾಲಿ ಕಾಣತೈತಿ. ಇದನ್ನ ಓದಿದ್ದೆ. ಓದಿಲ್ಲದವರಂಗ ಪ್ರತಿ ಸಲ 'ಬ್ಯಾಡ' ಅಂತ ಒತ್ತಿದೆ."

"ಯಾಕ?"

"ಮುಚ್ಚಿದ ಮ್ಯಾಲೆ ಅದರಾಗ ಒಂದು ಮಾತೂ ಸೇರಸಾಕ ಬರೂದಿಲ್ಲರಿ. ಜಾಗ ಇನ್ನೂ ಉಳಿದಿತ್ತು. ಮುಚ್ಚಿಬಿಟ್ರ... ನೀವೂ ಮುಗಿದ್ರಿ ಅಂತ ನಾನ ಬರದು ಕೊಟ್ಟಂಗ ಅಲ್ಲೇನ್ರಿ?"

ಅವನು ಅತ್ತ. ಅಜ್ಜಾರು ಅವನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಹೊರಗೆ ಹೋಗಿ ಮಂಗಳ ಹಾಡಿದರು. ಕೊನೆಯ ಸಾಲಿನಲ್ಲಿ ಧ್ವನಿ ಒಡೆಯಿತು. ಒಡೆದ ಆ ಸಾಲನ್ನು ಜನ ಎತ್ತಿಕೊಂಡು ಮುಗಿಸಿದರು. ದೋಣಿ ಬೆಳಕಿರುವಾಗಲೇ ದಾಟಿತು. ಹುಲಿಗೆಮ್ಮ ಹೋಗುತ್ತ, "ನಾಳೆ ಮುಂಜಾನೆ ಕಾಯ್ತೀನಿ" ಎಂದಳು.

ಪಂಪಣ್ಣ ಪುರಾಣವನ್ನೂ ಮಂಗಳವನ್ನೂ ಹೊಸ ಡಿಸ್ಕಿಗೆ ಬರೆಸಿದ. ಯಂತ್ರ ಕೇಳಿತು: ಮುಚ್ಚಲೇ?

ಪಂಪಣ್ಣ ಗುಂಡಿಯ ಮೇಲೆ ಬೆರಳಿಟ್ಟ. ಈ ಸಲ ಕಣ್ಣು ತೆರೆದಿದ್ದ. "ಶಿವಾ" ಎಂದು 'ಹೌದು' ಒತ್ತಿದ.

ತನ್ನ ಯಂತ್ರದಲ್ಲೇ ಹಾಕಿ ನೋಡಲು ಹೋದಾಗ ಅಜ್ಜಾರು ತಡೆದರು.

"ಇಲ್ಲಿ ಬ್ಯಾಡ. ಈ ಯಂತ್ರ ನಿನ್ನ ಮಾರಿ ನೋಡಿ ಹೂಂ ಅಂತೈತಿ. ನಿನ್ನ ಗುರುತಿಲ್ಲದ ಯಂತ್ರಕ್ಕ ಹಾಕು. ಮುಂಜಾನೆ ನೀನ ಒಯ್ಯಿ."

"ನಾ ಬರೂದ್ರಾಗ ಗಾಡಿ ಬಂದ್ರ? ನೀವು ಹೋಗಿಬಿಟ್ರ?"

"ಈರಪ್ಪ ಹೋಗಿಬಿಟ್ರ?"

ಪಂಪಣ್ಣ ಮುಂಜಾನೆಯೇ ಹೊಳೆ ದಾಟಿದ. ದಾಟುವಾಗ ಹತ್ತು ಸಲ ಹಿಂದಕ್ಕೆ ತಿರುಗಿ ಮಠವನ್ನು ನೋಡಿದ.

ಈರಪ್ಪನ ಕಣ್ಣು ಬಾಗಿಲಲ್ಲೇ ಇತ್ತು. ಪಂಪಣ್ಣ ಒಳಗೆ ಕಾಲಿಟ್ಟದ್ದೇ ಅವನು ಬೆಚ್ಚಿ ಹಾಸಿಗೆಯನ್ನು ಹಿಡಿದುಕೊಂಡ.

"ಅಂಜಬ್ಯಾಡ್ರಿ. ಮಠದ ಪಂಪಣ್ಣ ಬಂದಾನ" ಎಂದಳು ಹುಲಿಗೆಮ್ಮ.

ಮಗಳ ಕಂಪ್ಯೂಟರ್ ಹಳೆಯದು. ಡಿಸ್ಕು ನುಂಗಿ ಗರಗರ ಎಂದಿತು. ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು.

ಆಮೇಲೆ ಅಜ್ಜಾರು ಕಂಡರು. ಮಾತಾಡಿದರು.

ಈರಪ್ಪ ಬಾಗಿಲಿನಿಂದ ಕಣ್ಣು ತೆಗೆದ.

ಪಂಪಣ್ಣ ಮಂಗಳದವರೆಗೂ ಕೂತ. ಕೂತ ಮೇಲೆ ಏಳುವಂತಿರಲಿಲ್ಲ. ಮುಗಿದೊಡನೆ ಹೊಳೆಗೆ ಓಡಿದ. ದೋಣಿ ಮಠದ ದಂಡೆಯಲ್ಲಿತ್ತು. ಅಂಬಿಗನನ್ನು ಕೂಗಿ ಕೂಗಿ ಅವನ ಗಂಟಲೇ ಕಟ್ಟಿತು. ಮಠ ಮುಟ್ಟುವ ಹೊತ್ತಿಗೆ ಗಾಡಿ ಬಾಗಿಲಲ್ಲಿ ನಿಂತಿತ್ತು. ಅಜ್ಜಾರು ಒಂದು ಕಾಲು ಒಳಗಿಟ್ಟಿದ್ದರು. ಅವನನ್ನು ಕಂಡು ಆ ಕಾಲನ್ನು ತೆಗೆದು ನೆಲದ ಮೇಲಿಟ್ಟರು.

"ಆಡ್ತೇನು?" ಪಿಸುಮಾತಿನಲ್ಲಿ ಕೇಳಿದರು.

"ಆಡ್ತರಿ. ಪೂರಾ ಆಡ್ತು."

"ಈರಪ್ಪನ ಅಂಜಿಕಿ ಹೋತೇನು?"

ಪಂಪಣ್ಣನಿಗೆ ಹೌದು ಎನ್ನಬೇಕೆನಿಸಿತು. ಅಜ್ಜಾರು ನೆಮ್ಮದಿಯಿಂದ ಹೋಗಲಿ ಎನಿಸಿತು. ಆದರೆ ಆ ಮುಖದೆದುರು ಸುಳ್ಳು ಬರಲಿಲ್ಲ.

"ಇಲ್ಲರಿ. ಅಂಜಿಕಿ ಹಾಂಗ ಐತಿ. ಆದ್ರ ಬಾಗಿಲಾ ನೋಡೂದು ಬಿಟ್ಟಾನ. ಹೆಂಡತಿ ಕೈ ಹಿಡಕೊಂಡು, ಇನ್ನೊಮ್ಮೆ ಹಚ್ಚು ಅಂದ."

"ನಿಂದು?"

"ನಂದೂ ಹೋಗಿಲ್ಲರಿ ಅಜ್ಜಾರ. ಕೈ ನೋಡ್ರಿ, ಹ್ಯಾಂಗ ನಡಗತೈತಿ."

ಅಜ್ಜಾರು ಅವನ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು. ಅವರ ಕೈಯೂ ನಡುಗುತ್ತಿತ್ತು.

"ನನಗೂ ಐತಪ್ಪಾ" ಎಂದರು. "ಇರ್ಲಿ ಬಿಡು. ಆ ಅಂಜಿಕೀನೂ ದೇವರ ಹೆಸರು ಕಲೀಬೇಕಲ್ಲ."

ಇದನ್ನು ಓದಿದವರಿಗೆ, ಓದಿಸಿ ಕೇಳಿದವರಿಗೆ, ಕೇಳುತ್ತ ನಡುವೆ ತೂಕಡಿಸಿದವರಿಗೂ ಶಿವನು ಒಳಿತು ಮಾಡಲಿ. ಯಾರ ಮನೆಯಲ್ಲೂ ಅಂಜಿದವರು ಒಂಟಿಯಾಗಿ ಇರದಿರಲಿ.